ಹೆದ್ದಾರಿಯ ಗೆರೆ ಹಿತ್ತಲಿಗೆ ಬಂದಾಗ: ಕಾಸರಗೋಡಿನವರು ಭೂಸ್ವಾಧೀನದ ಅಧಿಸೂಚನೆಯನ್ನು ಓದುವ ಕ್ರಮ

ತಲಪಾಡಿಯ ಗಡಿ ದಾಟಿ ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲುಗಳ ಮೂಲಕ ಕಾಸರಗೋಡು ಪೇಟೆಯನ್ನು ಮೇಲ್ಸೇತುವೆಯಲ್ಲಿ ಹಾದು ಚೆಂಗಳ ಸೇರುವ ರಾಷ್ಟ್ರೀಯ ಹೆದ್ದಾರಿ 66ರ 39 ಕಿ.ಮೀ. ಭಾಗವನ್ನು ಆರು ಪಥಗಳಿಗೆ ಅಗಲಿಸಲು ಕೈ ಹಚ್ಚಿದಾಗ, ರಸ್ತೆಬದಿಯ ಮನೆಗಳಲ್ಲಿ ಕೇಳಿಬಂದದ್ದು ಒಂದೇ ಪ್ರಶ್ನೆ: ನಮ್ಮದು ಎಷ್ಟು ಸೆಂಟ್ಸ್ ಹೋಗುತ್ತದೆ? ಇದಕ್ಕೆ ಉತ್ತರ ಮೊಬೈಲಿನಲ್ಲಿ ಹರಿದಾಡುವ ನಕ್ಷೆಯಲ್ಲಿಲ್ಲ, ಹಿತ್ತಲಲ್ಲಿ ನೆಟ್ಟ ಕಲ್ಲಿನಲ್ಲೂ ಇಲ್ಲ, ಗಜೆಟ್ಟಿನ ಅನುಸೂಚಿಯಲ್ಲಿದೆ.

ಮೊದಲು ಯಾವ ರಸ್ತೆಯ ಮಾತು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮಂಜೇಶ್ವರ ತಾಲೂಕಿನಿಂದ ತೆಂಕಣಕ್ಕೆ ಹೊರಡುವ ದೊಡ್ಡ ಯೋಜನೆಗಳು ಮೂರಿವೆ: ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ, 2010ರ ಮರುಸಂಖ್ಯೆಗೆ ಮುಂಚೆ 17 ಎಂದೇ ಎಲ್ಲರ ಬಾಯಲ್ಲಿದ್ದ ರಾಷ್ಟ್ರೀಯ ಹೆದ್ದಾರಿ, ಕುಂಜತ್ತೂರಿನಿಂದ ತಿರುವನಂತಪುರ ಜಿಲ್ಲೆಯ ಪೂವಾರಿಗೆ ಕಡಲಂಚಿನಲ್ಲಿ ಸಾಗಬೇಕಾದ ಕೇರಳ ಸರ್ಕಾರದ ತೀರದೇಶ ಹೆದ್ದಾರಿ, ನಂದಾರಪದವಿನಿಂದ ಹೊರಡುವ ಮಲೆನಾಡ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿಗೆ ಜಾಗ ಹೋಗುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಅಡಿಯಲ್ಲಿ. ಅಲ್ಲಿ ಆಕ್ಷೇಪಣೆಗೆ ಸಿಗುವುದು 21 ದಿನ. ರಾಜ್ಯದ ರಸ್ತೆಗೆ 2013ರ ಭೂಸ್ವಾಧೀನ ಕಾಯ್ದೆಯಂತೆ ಪ್ರಾಥಮಿಕ ಅಧಿಸೂಚನೆ ಹೊರಟರೆ 60 ದಿನ. ತೀರದೇಶ ಹೆದ್ದಾರಿಯ ಗಡುವನ್ನು ಮನಸ್ಸಿನಲ್ಲಿಟ್ಟುಕೊಂಡು ರಾಷ್ಟ್ರೀಯ ಹೆದ್ದಾರಿಯ ಕಾಗದದ ಮುಂದೆ ನಿಶ್ಚಿಂತರಾಗಿ ಕುಳಿತರೆ ಕೆಟ್ಟಂತೆ. ಇನ್ನು ಮುಂದೆ ಹೇಳುವುದೆಲ್ಲ ರಾಷ್ಟ್ರೀಯ ಹೆದ್ದಾರಿಯ ವಿಚಾರ.

ಕಾಯ್ದೆಯ 3ಎ ಕಲಮಿನ ಅಧಿಸೂಚನೆ ಸ್ವಾಧೀನದ ಉದ್ದೇಶವನ್ನು ಪ್ರಕಟಿಸುತ್ತದೆ. ಅದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಬೇಕು, ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು ಎಂದು ಕಾನೂನು ಹೇಳುತ್ತದೆ. ಆದರೆ ನಮ್ಮಲ್ಲಿ ಆ ಭಾಷೆ ಮಲಯಾಳವೇ ಆಗಿರುವ ಸಂಭವ ಹೆಚ್ಚಾದ್ದರಿಂದ, ಕನ್ನಡ ಪತ್ರಿಕೆಯನ್ನು ಮಾತ್ರ ತರಿಸುವ ಮನೆಗೆ ಸುದ್ದಿ ನೆರೆಯವರ ಬಾಯಿಂದಲೇ ಮುಟ್ಟಬೇಕು. ಅಷ್ಟರಲ್ಲಿ ದಿನಗಳು ಸರಿದಿರುತ್ತವೆ, ಏಕೆಂದರೆ 21 ದಿನದ ಲೆಕ್ಕ ಹಿಡಿಯುವುದು ಗಜೆಟ್ಟಿನಲ್ಲಿ ಪ್ರಕಟವಾದ ದಿನದಿಂದ, ನೀವು ಓದಿದ ದಿನದಿಂದಲ್ಲ. ಆದುದರಿಂದ ಕೇಂದ್ರ ಸರ್ಕಾರದ ಇ-ಗಜೆಟ್ ಜಾಲತಾಣವನ್ನು ವಾರಕ್ಕೊಮ್ಮೆಯಾದರೂ ತೆರೆದು ಜಿಲ್ಲೆಯ ಹೆಸರು ಹುಡುಕುವ ಕೆಲಸವನ್ನು ಮನೆಯ ಎಳೆಯರೊಬ್ಬರಿಗೆ ವಹಿಸುವುದು ಒಳ್ಳೆಯದು.

ಅನುಸೂಚಿಯಲ್ಲಿ ತಾಲೂಕು, ಗ್ರಾಮ, ಸರ್ವೆ ನಂಬರು, ಜಾಗದ ಸ್ವರೂಪ, ವಿಸ್ತೀರ್ಣ ಎಂಬ ಅಂಕಣಗಳಿರುತ್ತವೆ. ಹಳೆಯ ಆಧಾರದಲ್ಲಿರುವ (ಜಾಗದ ದಸ್ತಾವೇಜಿನಲ್ಲಿರುವ) ನಂಬರು ರೀಸರ್ವೆಯ ಬಳಿಕ ಬದಲಾಗಿರುವುದು ಸಾಮಾನ್ಯವಾದ್ದರಿಂದ, ಆಧಾರಕ್ಕಿಂತ ಇತ್ತೀಚಿನ ತೀರ್ವೆ (ಭೂಕಂದಾಯ) ರಶೀದಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ವಿಸ್ತೀರ್ಣ ಹೆಕ್ಟೇರಿನಲ್ಲಿದ್ದರೆ 247.1ರಿಂದ ಗುಣಿಸಿದರೆ ಸೆಂಟ್ಸ್ ಸಿಗುತ್ತದೆ. ಉದಾಹರಣೆಗೆ 0.0215 ಹೆಕ್ಟೇರ್ ಎಂದರೆ 215 ಚದರ ಮೀಟರು, ಅಂದರೆ ಸುಮಾರು 5.3 ಸೆಂಟ್ಸ್, ಬಿಂದುವಿನ ಬಳಿಕದ ಒಂದು ಸೊನ್ನೆ ಕಣ್ತಪ್ಪಿದರೆ ಅದೇ ಜಾಗ 53 ಸೆಂಟ್ಸ್ ಆಗಿಬಿಡುತ್ತದೆ. ನಮ್ಮ ಮನೆಯಲ್ಲಿ ಈ ತಪ್ಪಿನಿಂದ ಒಂದು ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ.

ಆಕ್ಷೇಪಣೆಯನ್ನು ಸಕ್ಷಮ ಪ್ರಾಧಿಕಾರಿಗೆ, ಅಂದರೆ ಸ್ವಾಧೀನದ ಕೆಲಸಕ್ಕೆ ನೇಮಕವಾದ ಅಧಿಕಾರಿಗೆ, ಲಿಖಿತವಾಗಿ, ಕಾರಣಸಹಿತ ಕೊಡಬೇಕು. ಬಳಿಕ ಖುದ್ದಾಗಿ ಅಥವಾ ವಕೀಲರ ಮೂಲಕ ಅಹವಾಲು ಹೇಳಿಕೊಳ್ಳುವ ಅವಕಾಶವಿದೆ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಬೆಲೆ ಸಾಲದು ಎಂದು ಬರೆಯುವುದು. ಈ ಹಂತದಲ್ಲಿ ಕೇಳುವುದು ಜಾಗವನ್ನು ರಸ್ತೆಗೆ ಬಳಸುವುದರ ವಿರುದ್ಧದ ಕಾರಣಗಳನ್ನು ಮಾತ್ರ: ಬಾವಿ, ತೋಡು, ದೈವಸ್ಥಾನದ ದಾರಿ, ಸರ್ವೆ ನಂಬರಿನ ತಪ್ಪು. ಅರ್ಜಿಯನ್ನು ಕನ್ನಡದಲ್ಲಿ ಬರೆಯಲು ಅಳುಕಬೇಕಾಗಿಲ್ಲ. ದೂರಿನ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ, ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯೂ ಕನ್ನಡಿಗರಿಗೆ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ. ಆದರೂ ಗಡುವು ಹತ್ತಿರವಿದ್ದರೆ ಹಕ್ಕಿನ ಜೊತೆಗೆ ಒಂದು ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ ಎಂಬುದೇ ನನ್ನ ಸಲಹೆ.

ಒಂದು ವರ್ಷದೊಳಗೆ 3ಡಿ ಕಲಮಿನ ಸ್ವಾಧೀನದ ಘೋಷಣೆ ಬಾರದಿದ್ದರೆ ಮೊದಲ ಅಧಿಸೂಚನೆ ಬಿದ್ದುಹೋಗುತ್ತದೆ. ನ್ಯಾಯಾಲಯದ ತಡೆಯಿದ್ದ ಅವಧಿ ಈ ಲೆಕ್ಕಕ್ಕಿಲ್ಲ. ಘೋಷಣೆ ಬಂದ ಕ್ಷಣದಿಂದ ಜಾಗ ಕೇಂದ್ರ ಸರ್ಕಾರದ್ದು, ನೀವು ಅಲ್ಲೇ ವಾಸವಿದ್ದರೂ.

ಪರಿಹಾರದ ಹಂತ 3ಜಿ. ಇದಕ್ಕೆ 2013ರ ಕಾಯ್ದೆಯ ಲೆಕ್ಕಾಚಾರವೇ 2015ರಿಂದ ಅನ್ವಯ: ಮಾರುಕಟ್ಟೆ ಬೆಲೆ, ಜಾಗ ಗ್ರಾಮೀಣವಾದರೆ ಆ ಬೆಲೆಯನ್ನು ಹೆಚ್ಚಿಸುವ ಗುಣಕ, ಕಟ್ಟಡ ಮತ್ತು ಮರಗಳ ಬೆಲೆ, ಅದೆಲ್ಲದರ ಮೇಲೆ ಶೇ. 100ರ ಸೊಲೇಷಿಯಂ (ಸಾಂತ್ವನ ಧನ), ಇದಲ್ಲದೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ. 12. ಮಾರುಕಟ್ಟೆ ಬೆಲೆಯನ್ನು ಆಸುಪಾಸಿನ ಮೂರು ವರ್ಷಗಳ ಕ್ರಯಪತ್ರಗಳಿಂದಲೂ ತೆಗೆಯುವುದರಿಂದ, ಮುದ್ರಾಂಕ ಶುಲ್ಕ ಉಳಿಸಲೆಂದು ಆಧಾರದಲ್ಲಿ ಕಡಿಮೆ ಬೆಲೆ ಬರೆಸುವ ಹಳೆಯ ಚಾಳಿ ಇಡೀ ನೆರೆಕರೆಯ ಪರಿಹಾರವನ್ನೇ ತಗ್ಗಿಸಬಲ್ಲದು. ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ ಕೇಂದ್ರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಸಾಮಾನ್ಯವಾಗಿ ಅದು ಜಿಲ್ಲಾಧಿಕಾರಿಯೇ.

ಹಣ ತಡವಾಗುವುದು ಬಹುತೇಕ ಬೆಲೆಯಿಂದಲ್ಲ, ಹೆಸರಿನಿಂದ. ನಮ್ಮ ಕಡತದಲ್ಲಿ ಜಾಗ ಇನ್ನೂ ಅಜ್ಜನ ಹೆಸರಿನಲ್ಲಿತ್ತು; ಪೋಕುವರವು (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿರಲಿಲ್ಲವಾದ್ದರಿಂದ, ತೀರಿಹೋಗಿ ಎಷ್ಟೋ ವರ್ಷವಾದವರಿಗೆ ನೋಟೀಸು ಬಂತು. ವಾರಸು ಪ್ರಮಾಣಪತ್ರ, ಪಾಲುಪಟ್ಟಿ, ಬಾಧ್ಯತಾ (ಋಣಭಾರ) ಪ್ರಮಾಣಪತ್ರಗಳನ್ನು 3ಎ ಕಂಡ ದಿನವೇ ಹೊಂದಿಸಲು ತೊಡಗಿದರೆ ಆ ಓಡಾಟ ತಪ್ಪುತ್ತದೆ.

ಉಳಿದ ಜಾಗದ ಬಗ್ಗೆಯೂ ವಿಚಾರಿಸಿಕೊಳ್ಳಿ. 45 ಮೀಟರ್ ಅಗಲದ ಈ ಹೆದ್ದಾರಿಯ ಮುಖ್ಯ ಪಥಗಳನ್ನು ಎಲ್ಲೆಂದರಲ್ಲಿ ದಾಟುವಂತಿಲ್ಲ; ಮನೆ ಪಡುವಣಕ್ಕೂ ತೋಟ ಮೂಡಣಕ್ಕೂ ಇದ್ದರೆ ಅಂಡರ್‌ಪಾಸ್ ಎಲ್ಲಿ ಬರುತ್ತದೆಂದು ಕಾಮಗಾರಿಯ ನಕ್ಷೆಯಲ್ಲಿ ಮೊದಲೇ ನೋಡಿ, ಬೇಡಿಕೆಯಿದ್ದರೆ ಕಾಂಕ್ರೀಟು ಬೀಳುವ ಮುಂಚೆ ಪಂಚಾಯತಿನ ಮೂಲಕ ಸಲ್ಲಿಸಬೇಕು. ಕಡೆಗೆ, ಉಳಿದ ಸೆಂಟ್ಸನ್ನು ಅಳೆಯಿಸಿ ವಿಲೇಜ್ ಆಫೀಸಿನಲ್ಲಿ ಹೊಸ ವಿಸ್ತೀರ್ಣಕ್ಕೆ ತೀರ್ವೆ ಕಟ್ಟಿ ರಶೀದಿ ಪಡೆಯಿರಿ. ಇಲ್ಲದಿದ್ದರೆ ಲಾರಿ ಓಡುವ ಜಾಗಕ್ಕೂ ನೀವೇ ತೀರ್ವೆ ಕಟ್ಟುತ್ತಿರುತ್ತೀರಿ.