ಅಜ್ಜ ಮಿಲ್ಟ್ರಿಲಿದ್ರಂತೆ, ದಾಖಲೆ ಹುಡುಕೋದು ಹೇಗೆ?

"ನಮ್ಮಜ್ಜ ಬರ್ಮಾ ಯುದ್ಧಕ್ಕೆ ಹೋಗಿದ್ರಂತೆ" ಅನ್ನೋ ಮನೆ ನಮ್ಮ ಕಡೆ ಊರಿಗೆ ಒಂದೆರಡಾದ್ರೂ ಇರುತ್ತೆ. ಎರಡನೇ ಮಹಾಯುದ್ಧದಲ್ಲಿ ಇಂಡಿಯನ್ ಆರ್ಮಿಲಿ ಸುಮಾರು 25 ಲಕ್ಷ ಜನ ಇದ್ರು, ಹಾಗಾಗಿ ಮಾತು ಸುಳ್ಳಿರಲಿಕ್ಕಿಲ್ಲ. ಆದ್ರೆ ಮೊಮ್ಮಕ್ಕಳು ಮೊದಲು ಮಾಡೋದೇ ಲಂಡನ್ನಿಗೆ ಇಮೇಲ್. ನಮ್ಮ ಚಿಕ್ಕಪ್ಪನ ಮಗ ಪೌಂಡಲ್ಲಿ ದುಡ್ಡು ಕಟ್ಟಿ ಮೂರು ತಿಂಗಳು ಕಾದ, ಬಂದಿದ್ದು "ನಮ್ಮಲ್ಲಿಲ್ಲ" ಅಂತ ಒಂದು ಸಾಲು. ಬ್ರಿಟಿಷ್ ಆಫೀಸರ್‌ಗಳ ಕಥೆ ಬೇರೆ, ನಮ್ಮ ಸಿಪಾಯಿ, ನಾಯಕ್, ಹವಾಲ್ದಾರರ ಕಾಗದ ಇರೋದು ಇಲ್ಲೇ, ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಲ್ಲಿ.

ಮೊದಲ ಕೆಲಸ ಮನೇಲೇ. ಅಟ್ಟದ ಮೇಲಿನ ಟ್ರಂಕ್ ಇಳಿಸಿ. ಬೇಕಿರೋದು ಎರಡೇ, ಆರ್ಮಿ ನಂಬರ್ ಮತ್ತು ಯೂನಿಟ್ಟು. ಡಿಸ್ಚಾರ್ಜ್ ಸರ್ಟಿಫಿಕೇಟ್ ಸಿಕ್ಕಿದ್ರೆ ಅರ್ಧ ಕೆಲಸ ಮುಗೀತು. ನಮ್ಮಜ್ಜಂದು ನಾಲ್ಕು ಮಡಿಕೆ ಮಾಡಿ ಪಹಣಿ ಕಾಗದದ ಜೊತೆ ಇಟ್ಟಿದ್ರು, ಮಡಿಕೆ ಸರಿಯಾಗಿ ನಂಬರಿನ ಮೇಲೇ ಬಿದ್ದು ಒಂದು ಅಂಕಿ 1ಓ 7ಓ ಗೊತ್ತಾಗ್ತಿರ್ಲಿಲ್ಲ, ಕೊನೆಗೆ ಎರಡೂ ಬರೆದು ಕಳಿಸಿದ್ವಿ. ದಯವಿಟ್ಟು ಲ್ಯಾಮಿನೇಷನ್ ಮಾಡಿಸ್ಬೇಡಿ, ಬಿಸಿಗೆ ಹಳೇ ಕಾಗದ ಹಾಳಾಗುತ್ತೆ, ಆಮೇಲೆ ಬಿಡಿಸೋಕೂ ಬರಲ್ಲ, ಫೋಟೋ ತೆಗೆದಿಟ್ಕೊಳ್ಳಿ ಸಾಕು. ಮೆಡಲ್ ಇದ್ರೆ ಅಂಚು, ಹಿಂಭಾಗ ನೋಡಿ, ಕೆಲವದ್ರಲ್ಲಿ ನಂಬರ್, ಹೆಸರು ಹೊಡೆದಿರುತ್ತೆ. ಆನ್‌ಲೈನಲ್ಲಿ ಹೊಸ ಬರ್ಮಾ ಸ್ಟಾರ್ ಮೆಡಲ್ ತರಿಸಿ ಫ್ರೇಮ್ ಹಾಕಿಸೋರಿದ್ದಾರೆ, ಅದು ನಕಲಿ ಮಾಲು, ಮುಂದಿನ ತಲೆಮಾರು ಅದನ್ನೇ ಅಜ್ಜಂದು ಅಂದ್ಕೊಳ್ಳುತ್ತೆ.

ಎಲ್ಲರೂ ಎಡವೋದು ಯೂನಿಟ್ ವಿಷಯದಲ್ಲಿ. ಆಗ ಕರ್ನಾಟಕ ಅಂತ ಒಂದು ರಾಜ್ಯ ಇರ್ಲಿಲ್ಲ ಅನ್ನೋದು ನೆನಪಿರಲಿ. ಬೆಳಗಾವಿ, ಧಾರವಾಡ ಮುಂಬೈ ಪ್ರಾಂತ್ಯ, ಬಳ್ಳಾರಿ, ಮಂಗಳೂರು ಮದ್ರಾಸು, ಕಲಬುರ್ಗಿ ಕಡೆ ನಿಜಾಮರದು, ಕೊಡಗು ಬೇರೆ, ಮೈಸೂರು ಮಹಾರಾಜರದು. ಬೆಳಗಾವಿ ಕಡೆಯವರಾದ್ರೆ ಮೊದಲು ಮರಾಠಾ ಲೈಟ್ ಇನ್‌ಫೆಂಟ್ರಿ ನೋಡಿ, ರೆಕಾರ್ಡ್ಸ್ ಬೆಳಗಾವಿಲೇ ಇದೆ. ಕಾಗದದಲ್ಲಿ "ಕ್ಯೂ.ವಿ.ಓ. ಸ್ಯಾಪರ್ಸ್ ಅಂಡ್ ಮೈನರ್ಸ್" ಅಂತಿದ್ರೆ ಅದು ಈಗಿನ ಎಂ.ಇ.ಜಿ. (ಮದ್ರಾಸ್ ಇಂಜಿನಿಯರ್ ಗ್ರೂಪ್), ಬೆಂಗಳೂರು. "ಆರ್.ಐ.ಎ.ಎಸ್.ಸಿ." ಅಂದ್ರೆ ಈಗಿನ ಎ.ಎಸ್.ಸಿ. (ಆರ್ಮಿ ಸರ್ವಿಸ್ ಕೋರ್, ಸೇನೆಯ ಸಾಗಾಟ, ಸರಬರಾಜು ನೋಡ್ಕೊಳ್ಳೋ ವಿಭಾಗ), ದಕ್ಷಿಣದವರ ರೆಕಾರ್ಡ್ಸ್ ಅದೂ ಬೆಂಗಳೂರೇ. ಲಾರಿ ಓಡಿಸ್ತಿದ್ರು ಅಂತ ಅಜ್ಜಿ ಹೇಳಿದ್ರೆ ಇಲ್ಲೇ ಮೊದಲು ಕೇಳಿ. ಮದ್ರಾಸ್ ರೆಜಿಮೆಂಟ್ ಆದ್ರೆ ನೀಲಗಿರಿಯ ವೆಲ್ಲಿಂಗ್ಟನ್. ಮಹಾರಾಜರ ಮೈಸೂರ್ ಇನ್‌ಫೆಂಟ್ರಿ ಸ್ವಾತಂತ್ರ್ಯ ಬಂದ್ಮೇಲೆ ಮದ್ರಾಸ್ ರೆಜಿಮೆಂಟಿಗೇ ಸೇರ್ಕೊಂಡಿತು, ಆದ್ರಿಂದ ಅವರೂ ವಿಚಾರಿಸೋದು ಅಲ್ಲೇ.

ಯುದ್ಧದಲ್ಲೇ ತೀರಿಕೊಂಡಿದ್ರೆ ಸುಲಭ. ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡ್ಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಲ್ಲಿ ಫ್ರೀಯಾಗಿ ಹುಡುಕಬಹುದು, 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗಿನವರು ಅದರಲ್ಲಿ ಬರ್ತಾರೆ. ವಾಪಸ್ ಬಂದೋರ ಹೆಸರು ಅಲ್ಲಿರಲ್ಲ, ಎಷ್ಟು ಹುಡುಕಿದ್ರೂ ಅಷ್ಟೇ. ಆದ್ರೆ ಸ್ಪೆಲ್ಲಿಂಗ್! ಯಲ್ಲಪ್ಪನನ್ನ ವೈ ಅಕ್ಷರದಲ್ಲೂ ನೋಡಿ, ಇ ಅಕ್ಷರದಲ್ಲೂ ನೋಡಿ, ಒಂದೇ ಎಲ್, ಒಂದೇ ಪಿ ಹಾಕಿಯೂ ನೋಡಿ. ಮುನಿಸ್ವಾಮಿ ಅನ್ನೋದು ಬರ್ಕೊಂಡ ಗುಮಾಸ್ತರ ಕಿವಿಗೆ ಮುನಿಸಾಮಿ. ನಾನಂತೂ ಹೆಸರು ಬಿಟ್ಟು ಹಳೇ ಸ್ಪೆಲ್ಲಿಂಗಲ್ಲಿ ಊರಿನ ಹೆಸರು ಹಾಕಿಯೇ ಹುಡುಕೋದು, ಎಷ್ಟೋ ನಮೂದುಗಳಲ್ಲಿ ಇಂಥೋರ ಮಗ, ಇಂಥಾ ಊರು ಅಂತ ಇರುತ್ತೆ. ದಹನ ಮಾಡಿದವರಿಗೆ ಸಮಾಧಿ ಇರಲ್ಲ, ರಂಗೂನ್ ಹತ್ರದ ತೌಕ್ಯಾನ್‌ನಲ್ಲೋ ಸಿಂಗಾಪುರದ ಕ್ರಾಂಜಿಯಲ್ಲೋ ಸ್ಮಾರಕದ ಗೋಡೆ ಮೇಲೆ ಹೆಸರಿರುತ್ತೆ.

ಬದುಕಿ ಬಂದೋರಿಗೆ ಅರ್ಜಿ. ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ನಿಮ್ಮ ಆಧಾರ್ ಪ್ರತಿ ಲಗತ್ತಿಸಿ ಸ್ಪೀಡ್ ಪೋಸ್ಟಲ್ಲಿ ರೆಕಾರ್ಡ್ಸ್ ಆಫೀಸಿಗೆ ಹಾಕಿ. ಉತ್ತರ ಬರದಿದ್ರೆ 10 ರೂಪಾಯಿ ಕಟ್ಟಿ ಆರ್‌ಟಿಐ.

ಈಗ ಮುಖ್ಯವಾದ್ದು. ಪಿಂಚಣಿ ಇಲ್ಲದೆ ಬಂದವರ ಶೀಟ್ ರೋಲ್‌ನ (ಒಬ್ಬೊಬ್ಬ ಸಿಪಾಯಿಯ ಸೇವಾ ದಾಖಲೆ) 25 ವರ್ಷ ಇಟ್ಟು ಆಮೇಲೆ ನಾಶ ಮಾಡೋದು ನಿಯಮ. ಯುದ್ಧ ಮುಗಿದ್ಮೇಲೆ ಮನೆಗೆ ಕಳಿಸಿದ ಬಹುಪಾಲು ಜನಕ್ಕೆ ಪಿಂಚಣಿ ಇರ್ಲಿಲ್ಲ. ಹಾಗಾಗಿ "ದಾಖಲೆ ನಾಶವಾಗಿದೆ" ಅಂತ ಉತ್ತರ ಬರುತ್ತೆ, ಜನ ಅಲ್ಲಿಗೇ ಕೈಬಿಡ್ತಾರೆ. ಬಿಡ್ಬೇಡಿ. ಲಾಂಗ್ ರೋಲ್ ಅಂತ ದೊಡ್ಡ ರಿಜಿಸ್ಟರ್ ಇರುತ್ತೆ, ಅದನ್ನ ನಾಶ ಮಾಡಲ್ಲ. ಅರ್ಜಿಲೇ "ಶೀಟ್ ರೋಲ್ ಇಲ್ಲದಿದ್ರೆ ಲಾಂಗ್ ರೋಲ್‌ನ ಪ್ರತಿ ಕೊಡಿ" ಅಂತ ಬರೀರಿ, ಕೇಳದೆ ಅವರಾಗೇ ಕೊಡ್ತಾರೆ ಅಂತ ಕೂತ್ಕೋಬೇಡಿ. ನಾವು ಎರಡನೇ ಸಲ ಹೀಗೆ ಬರೆದ್ಮೇಲೇ ಬಂದಿದ್ದು, ಒಂದೇ ಸಾಲು, ಸೇರಿದ ತಾರೀಖು, ಬಿಟ್ಟ ತಾರೀಖು, ಊರು. ನಂಬರಲ್ಲಿದ್ದ ಅಂಕಿ 7.

ಅಜ್ಜಿಗೆ ಸರ್ಕಾರದಿಂದ ಮಾಸಾಶನ ಬರ್ತಿತ್ತಾ ಅಂತಾನೂ ಮನೇಲಿ ಕೇಳಿ. ಬರ್ತಿದ್ರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಲಿ ಒಂದು ಫೈಲ್ ಇರೋ ಸಾಧ್ಯತೆ ಇದೆ, ಸೋಮವಾರ ಬಿಟ್ಟು ಬೇರೆ ದಿನ ಹೋಗಿ, ಸೋಮವಾರ ರಶ್ಶು.