‘ಹೀಟ್’: ಕಾವಿಗೂ ಕೋಪಕ್ಕೂ ಸಲ್ಲುವ ಪದವನ್ನು ತಪ್ಪಿಲ್ಲದೆ ಬಳಸುವುದು ಹೇಗೆ?

‘ನೀರು ಹೀಟ್ ಆಯ್ತಾ?’, ‘ಫೋನ್ ಹೀಟ್ ಆಗಿದೆ’, ‘ಪಪ್ಪಾಯಿ ಹೀಟು, ಜಾಸ್ತಿ ತಿನ್ಬೇಡ’. ಕನ್ನಡದ ಮಾತಿನಲ್ಲಿ ಇವೆಲ್ಲ ಸಲೀಸು. ಇದೇ ‘ಹೀಟ್ ಆಗಿದೆ’ಯನ್ನು ಹಾಗೇ ಇಂಗ್ಲಿಷಿಗೆ ಒಯ್ದರೆ ಎಡವಟ್ಟು.

ನಮ್ಮ ‘ಬಿಸಿ’ ನಾಮಪದವೂ ಹೌದು, ಗುಣವಾಚಕವೂ ಹೌದು. ಹೀಟ್ ಹಾಗಲ್ಲ, ಅದು ನಾಮಪದ ಇಲ್ಲವೇ ಕ್ರಿಯಾಪದ. ಗುಣ ಹೇಳಲು ‘ಹಾಟ್’ ಬೇಕು. ‘ದಿ ವಾಟರ್ ಈಸ್ ಹೀಟ್’ ತಪ್ಪು, ‘ದಿ ವಾಟರ್ ಈಸ್ ಹಾಟ್’ ಸರಿ. ಬಿಸಿಯಾಗುತ್ತಾ ಇದ್ದರೆ ‘ಹೀಟಿಂಗ್ ಅಪ್’, ಆರಿದ ಸಾರನ್ನು ಮತ್ತೆ ಬಿಸಿ ಮಾಡುವುದಕ್ಕೆ ‘ರೀಹೀಟ್’, ಭೂತಕಾಲಕ್ಕೆ ‘ಹೀಟೆಡ್’. ಹಿತವಾದ ಬೆಚ್ಚಗೆ ‘ವಾರ್ಮ್’, ಉಗುರುಬೆಚ್ಚಗೆ ‘ಲೂಕ್‌ವಾರ್ಮ್’. ‘ಹೀ’ಯನ್ನು ಎಳೆದೇ ಹೇಳಬೇಕು, ಮೊಟಕಾದರೆ ‘ಹಿಟ್’, ಅಂದರೆ ಹೊಡೆ.

ಅಡುಗೆಯ ಬರಹದಲ್ಲಿ ಹೀಟ್ ಎಂದರೆ ಉರಿ. ‘ಲೋ ಹೀಟ್’ ಎಂದಿದ್ದರೆ ಸಣ್ಣ ಉರಿಯಲ್ಲಿಡಿ. ಮೆಣಸಿನಕಾಯಿಯ ಹೀಟ್ ಅದರ ಖಾರ. ಹವೆಯ ವಿಷಯಕ್ಕೆ ಬಂದರೆ ಇಂಗ್ಲಿಷು ಕೊಂಚ ಬಡವೇ: ಮಂಗಳೂರಿನ ಬೆವರಿಳಿಸುವ ಸೆಕೆಗೂ ಕಲಬುರಗಿಯ ಒಣ ಬಿಸಿಲಿಗೂ ಅದೇ ಹೀಟ್. ವ್ಯತ್ಯಾಸ ತೋರಿಸಲು ಮೊದಲನೆಯದಕ್ಕೆ ‘ಹ್ಯೂಮಿಡ್’, ಎರಡನೆಯದಕ್ಕೆ ‘ಡ್ರೈ’ ಸೇರಿಸಿ.

ಕಾವಿನ ಅರ್ಥದಲ್ಲಿ ಇದನ್ನು ಎಣಿಸುವುದಿಲ್ಲ. ‘ಎ ಹೀಟ್’, ‘ಹೀಟ್ಸ್’ ಎಂದು ಓದಿದರೆ ಅದು ಸಾಮಾನ್ಯವಾಗಿ ಓಟ ಅಥವಾ ಈಜಿನ ಆರಂಭಿಕ ಸುತ್ತು. ಇಬ್ಬರು ಒಟ್ಟಿಗೇ ಗುರಿ ಮುಟ್ಟಿದರೆ ‘ಡೆಡ್ ಹೀಟ್’.

ಹೆಚ್ಚು ಎಚ್ಚರ ಬೇಕಾದದ್ದು ಮೈಯ ವಿಷಯದಲ್ಲಿ. ‘ಉಷ್ಣ ಆಗಿದೆ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ನೇರ ಮಾತಿಲ್ಲ. ಹೊರದೇಶದ ಡಾಕ್ಟರ ಮುಂದೆ ‘ಐ ಹ್ಯಾವ್ ಹೀಟ್’ ಎಂದರೆ ಅವರಿಗೆ ಏನೂ ತಿಳಿಯದು. ಬಾಯಿಹುಣ್ಣೋ, ಉರಿಮೂತ್ರವೋ, ಆಗುತ್ತಿರುವುದನ್ನೇ ಹೇಳಿ: ‘ಮೌತ್ ಅಲ್ಸರ್ಸ್’, ‘ಇಟ್ ಬರ್ನ್ಸ್ ವೆನ್ ಐ ಪಾಸ್ ಯೂರಿನ್’. ಬೆವರುಗುಳ್ಳೆಗೆ ಮಾತ್ರ ‘ಹೀಟ್ ರ‍್ಯಾಶ್’ ಎನ್ನಬಹುದು. ‘ಐ ಆಮ್ ಇನ್ ಹೀಟ್’ ಎಂದಂತೂ ಬೇಡವೇ ಬೇಡ. ಅಮೆರಿಕದಲ್ಲಿ ‘ಇನ್ ಹೀಟ್’, ಬ್ರಿಟನ್ನಿನಲ್ಲಿ ‘ಆನ್ ಹೀಟ್’ ಎಂದರೆ ಹೆಣ್ಣು ಪ್ರಾಣಿ ಬೆದೆಗೆ ಬಂದಿದೆ ಎಂದು. ನಮ್ಮ ಹಾಲಿನ ಡೇರಿಗಳಲ್ಲಿ ‘ಹಸು ಹೀಟಿಗೆ ಬಂದಿದೆ’ ಅನ್ನುವುದು ಇದೇ. ಸುಮಾರು 21 ದಿನಕ್ಕೊಮ್ಮೆ ಬರುವ ಸ್ಥಿತಿ. ಸೆಕೆಯಾಗುತ್ತಿದ್ದರೆ ‘ಐ ಆಮ್ ಫೀಲಿಂಗ್ ಹಾಟ್’ ಸಾಕು. ‘ಫೀಲಿಂಗ್’ ಬಿಟ್ಟು ‘ಐ ಆಮ್ ಹಾಟ್’ ಎಂದರೂ ನಡೆದೀತು, ಆದರೆ ‘ನಾನು ಮೋಹಕ’ ಎಂಬ ಅರ್ಥವೂ ಅದಕ್ಕಿರುವುದರಿಂದ ಎದುರಿನವರು ನಕ್ಕಾರು.

ಇನ್ನು ಕೋಪ. ‘ಕಾವೇರಿದ ಚರ್ಚೆ’ ಎನ್ನುತ್ತೇವಲ್ಲ, ಅದು ಅಚ್ಚುಕಟ್ಟಾಗಿ ‘ಎ ಹೀಟೆಡ್ ಡಿಬೇಟ್’. ಸಿಟ್ಟಿನ ಭರದಲ್ಲಿ ಆಡಿದ ಮಾತಿಗೆ ‘ಇನ್ ದಿ ಹೀಟ್ ಆಫ್ ದಿ ಮೊಮೆಂಟ್’. ಕ್ಷಮೆ ಕೇಳುವಾಗ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದರೆ ‘ಅವನು ಗರಂ ಆದ’ ಎನ್ನಲು ‘ಹಿ ಗಾಟ್ ಹೀಟ್’ ಎನ್ನಬೇಡಿ. ಅದರ ಅರ್ಥ ತಿರುಗುಮುರುಗು, ಅವನೇ ಟೀಕೆ ತಿಂದ ಎಂದು. ‘ಟೇಕ್ ದಿ ಹೀಟ್’ ಎಂದರೂ ಬೈಗುಳಕ್ಕೆ ತಲೆಯೊಡ್ಡುವುದು. ಸಿಟ್ಟಾದವನಿಗೆ ‘ಹಿ ಗಾಟ್ ಆ್ಯಂಗ್ರಿ’ ಸಾಕು, ಬಣ್ಣ ಬೇಕಿದ್ದರೆ ‘ಹಿ ಲಾಸ್ಟ್ ಹಿಸ್ ಟೆಂಪರ್’.

‘ತಲೆಬಿಸಿ’ಯನ್ನೂ ‘ಹಾಟ್ ಹೆಡ್’ ಮಾಡಬೇಡಿ. ತಲೆಬಿಸಿ ಎಂದರೆ ಚಿಂತೆ, ಅದಕ್ಕೆ ‘ಐ ಆಮ್ ವರೀಡ್’. ‘ಹಾಟ್‌ಹೆಡ್’ ಎಂದರೆ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು.