ನೆಂಟರು ತುಂಬಿದ ಬೇಸಿಗೆಯಲ್ಲೂ ಗುಡ್ಡದ ಓಟ ಬಿಡದಿರುವುದು ಹೇಗೆ?

ಬೇಸಿಗೆ ರಜೆ ಶುರುವಾದರೆ ಓಡುವವರ ಲೆಕ್ಕಾಚಾರವೆಲ್ಲ ತಲೆಕೆಳಗು. ಒಂದು ವಾರ ತಂಗಿಯ ಮಕ್ಕಳು ಬಂದಿರುತ್ತಾರೆ. ಮುಂದಿನ ವಾರ ನಾವೇ ಅತ್ತೆ ಮನೆಗೆ ಹೊರಟಿರುತ್ತೇವೆ. ನಡುವೆ ಎಲ್ಲರೂ ಸೇರಿ ಎಲ್ಲಾದರೂ ಒಂದು ದಿನ ಸುತ್ತಾಟ. ಇಷ್ಟರ ಮಧ್ಯೆ ವಾರಕ್ಕೆ ಐದು ದಿನ ಓಡುವ ಪ್ಲ್ಯಾನ್ ಹಿಡಿದು ಕೂತರೆ ಓಟವೂ ನೆಟ್ಟಗೆ ಆಗುವುದಿಲ್ಲ, ಬಂದವರ ಜೊತೆ ಮನಸ್ಸಿಟ್ಟು ಮಾತಾಡುವುದೂ ಆಗುವುದಿಲ್ಲ. ಅದಕ್ಕೇ ನಾನು ಬೇಸಿಗೆಯಲ್ಲಿ ವೇಗ ಹೆಚ್ಚಿಸಿಕೊಳ್ಳುವ ಆಸೆಯನ್ನು ಪಕ್ಕಕ್ಕಿಡುತ್ತೇನೆ. ಇರುವ ದಮ್ಮು ಉಳಿದರೆ ಸಾಕು. ಅದಕ್ಕೆ ವಾರಕ್ಕೆ ಎರಡು ಓಟ ಬೇಕು, ಅಷ್ಟೇ.

ಇದು ಸುಮ್ನೆ ಸಮಾಧಾನದ ಮಾತಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿದ್ದರು. ಹತ್ತು ವಾರ, ವಾರಕ್ಕೆ ಆರು ದಿನ ಬೆವರು ಸುರಿಸಿ ತಯಾರಾದವರನ್ನು ಆಮೇಲೆ ನಾಲ್ಕು ಅಥವಾ ಎರಡೇ ದಿನಕ್ಕೆ ಇಳಿಸಿದರು. 15 ವಾರ ಕಳೆದರೂ ದೇಹ ಆಮ್ಲಜನಕ ಬಳಸುವ ಶಕ್ತಿ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಆದರೆ ಒಂದು ಷರತ್ತು ಇದೆ. ದಿನ ಕಡಿಮೆ ಮಾಡಿದ್ದರೇ ಹೊರತು ಮಾಡುವ ದಿನದ ಕಷ್ಟ ಕಡಿಮೆ ಮಾಡಿರಲಿಲ್ಲ. ಮುಂದೆ ಮಾಡಿದ ಇನ್ನೊಂದು ಪರೀಕ್ಷೆಯಲ್ಲಿ ಕಷ್ಟವನ್ನೇ ತಗ್ಗಿಸಿ ನೋಡಿದಾಗ ಗಳಿಸಿದ್ದು ಕರಗಿತು.

ಹಾಗಾಗಿ ಎರಡರಲ್ಲಿ ಒಂದು ಓಟ ಗಟ್ಟಿಯಾಗಿರಲಿ. ಹತ್ತಿರದಲ್ಲಿ ಮೂರು ನಿಮಿಷ ಹತ್ತುವಷ್ಟು ಏರು ಇದ್ದರೆ ಸಾಕು. ಹದಿನೈದು ನಿಮಿಷ ನಿಧಾನಕ್ಕೆ ಓಡಿ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಎರಡು ಮಾತಿಗಿಂತ ಜಾಸ್ತಿ ಆಡಲಾಗದಷ್ಟು ಜೋರಾಗಿ ಹತ್ತಿ, ನಡೆದುಕೊಂಡು ಇಳಿಯಿರಿ. ಹೀಗೆ ಐದಾರು ಸಲ. ಮನೆಯಿಂದ ಹೊರಟು ವಾಪಸ್ ಬರುವುದಕ್ಕೆ ಒಂದು ಗಂಟೆ ಸಾಕಾಗುತ್ತದೆ. ಇನ್ನೊಂದು ಓಟ ಉದ್ದದ್ದು, ಆರಾಮಾಗಿ, ಪಕ್ಕದವರ ಜೊತೆ ಪೂರಾ ವಾಕ್ಯ ಮಾತಾಡುತ್ತಾ ಹೋಗುವಷ್ಟು ನಿಧಾನದ್ದು. ಏರು ಕಡಿದಾಗಿದ್ದರೆ ನಡೆಯಿರಿ. ಗುಡ್ಡದ ಓಟದಲ್ಲಿ ನಡೆಯುವುದೂ ಓಟದ ಭಾಗವೇ. ದೊಡ್ಡ ದೊಡ್ಡ ಓಟಗಾರರೂ ಕಡಿದಾದ ಏರಿನಲ್ಲಿ ಮೊಣಕಾಲಿನ ಮೇಲೆ ಕೈ ಊರಿ ನಡೆಯುತ್ತಾರೆ.

ಹಿಂದಿನ ರಾತ್ರಿಯೇ ಹೇಳಿ

ಮನೆ ತುಂಬ ಜನ ಇರುವಾಗ ಯಾರಿಗೂ ಗೊತ್ತಾಗದ ಹಾಗೆ ಎದ್ದು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಎದ್ದವರು ಹುಡುಕುತ್ತಾರೆ, ಫೋನ್ ಮಾಡುತ್ತಾರೆ, ವಾಪಸ್ ಬಂದಾಗ ಮನೆಯಲ್ಲಿ ಒಂಥರಾ ಬಿಗುವು ಇರುತ್ತದೆ. ರಾತ್ರಿ ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿಬಿಡಿ. "ಅತ್ತೆ, ನಾಳೆ ಬೆಳಿಗ್ಗೆ ಐದೂವರೆಗೆ ಓಡೋಕೆ ಹೋಗ್ತೀನಿ, ಕೆರೆ ಹಿಂದಿನ ಗುಡ್ಡದ ಕಡೆಗೆ. ಎಂಟಕ್ಕೆ ಬಂದಿರ್ತೀನಿ, ತಿಂಡಿಗೆ ಕಾಯಬೇಡಿ." ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಎನ್ನುವ ಎರಡೂ ಇರಬೇಕು. ಗುಡ್ಡದಲ್ಲಿ ಕಾಲು ಉಳುಕಿ ಕೂತರೆ ಹುಡುಕಿಕೊಂಡು ಬರುವವರಿಗೆ ಬೇಕಾಗುವುದೂ ಅವೇ ಎರಡು. ನಮ್ಮತ್ತೆ ಈಗ ಅವರೇ ಕೇಳುತ್ತಾರೆ, "ನಾಳೆ ಯಾವ ಗುಡ್ಡ?"

ಬಟ್ಟೆ, ಶೂ, ನೀರಿನ ಬಾಟಲಿ ಎಲ್ಲ ರಾತ್ರಿಯೇ ಬಾಗಿಲ ಹತ್ತಿರ ತಂದಿಡಿ. ಹಾಲ್‌ನಲ್ಲಿ ಸಾಲಾಗಿ ಮಲಗಿದವರನ್ನು ದಾಟಿಕೊಂಡು ಬೀರು ತೆಗೆಯುವ ಹಾಗೆ ಆಗಬಾರದು. ಶೂ ಹೊರಗೆ ಇಟ್ಟಿದ್ದರೆ ಹಾಕುವ ಮೊದಲು ಬೋರಲು ಮಾಡಿ ಕೊಡವಿ, ಹುಳಹುಪ್ಪಟೆ ಇರಬಹುದು.

ಎಂಟಕ್ಕೆ ಬರುತ್ತೇನೆ ಅಂದರೆ ಎಂಟಕ್ಕೆ ಬನ್ನಿ. ದಾರಿ ಎಷ್ಟೇ ಚೆನ್ನಾಗಿರಲಿ, ಅರ್ಧ ಸಮಯ ಆದ ತಕ್ಷಣ ತಿರುಗಿಬಿಡಿ. ಬಂದ ಮೇಲೆ ಸ್ನಾನ ಮುಗಿಸಿ ಪೂರ್ತಿ ಮನೆಯವರ ಜೊತೆಗಿರಿ. ವಾಚ್ ನೋಡುತ್ತಾ, ಆ್ಯಪ್ ತೆರೆಯುತ್ತಾ ಕೂರಬೇಡಿ. ಈ ನಂಬಿಕೆ ಒಮ್ಮೆ ಬಂದರೆ ಮುಂದಿನ ಸಲ ಕೇಳುವುದೇ ಬೇಡ, ಅವರೇ ಕಳಿಸುತ್ತಾರೆ.

ಗೊತ್ತಿಲ್ಲದ ಊರಿನಲ್ಲಿ ಕಿಲೋಮೀಟರ್ ಲೆಕ್ಕ ಬಿಡಿ, ಗಡಿಯಾರದ ಲೆಕ್ಕ ಸಾಕು. ನಲವತ್ತು ನಿಮಿಷ ಹೋಗುವುದು, ಅದೇ ದಾರಿಯಲ್ಲಿ ವಾಪಸ್ ಬರುವುದು. ಸುತ್ತು ಹಾಕಿಕೊಂಡು ಬರುವ ಸಾಹಸ ಮೊದಲ ದಿನ ಬೇಡ. ದಾರಿ ಕವಲೊಡೆಯುವ ಪ್ರತಿ ಜಾಗದಲ್ಲೂ ಒಂದು ಕ್ಷಣ ನಿಂತು ಹಿಂದಕ್ಕೆ ತಿರುಗಿ ನೋಡಿ. ಹೋಗುವಾಗ ಒಂದೇ ದಾರಿ ಅನ್ನಿಸಿದ್ದು ಬರುವಾಗ ಎರಡಾಗಿ ಕಾಣುತ್ತದೆ. ಬಾಗಿದ ಮರ, ಬಿಳಿ ಬಂಡೆ, ಮುರಿದ ಬೇಲಿ, ಏನಾದರೂ ಒಂದು ಗುರುತು ಇಟ್ಟುಕೊಳ್ಳಿ. ಇಲ್ಲವೇ ವಾಪಸ್ ಬರುವ ದಿಕ್ಕಿಗೆ ಫೋನ್ ಹಿಡಿದು ಒಂದು ಫೋಟೋ ತೆಗೆಯಿರಿ.

ಬಿಸಿಲು

ದಿನದ ತಂಪು ಹೊತ್ತು ಅಂದರೆ ಸೂರ್ಯ ಹುಟ್ಟುವ ಆಸುಪಾಸು. ಸಂಜೆ ಬಿಸಿಲು ಇಳಿದರೂ ನೆಲ, ಬಂಡೆಗಳ ಕಾವು ಇಳಿದಿರುವುದಿಲ್ಲ. ಅದಕ್ಕೇ ಬೆಳಗ್ಗೆ. ಎತ್ತರಕ್ಕೆ ಹೋದರೆ ತಂಪಾಗುತ್ತದೆ ಅಂತ ಜಾಸ್ತಿ ನಂಬಬೇಡಿ. ಸರಾಸರಿ ಲೆಕ್ಕದಲ್ಲಿ 1,000 ಮೀಟರ್ ಹತ್ತಿದರೆ ಆರೂವರೆ ಡಿಗ್ರಿ ಇಳಿಯುತ್ತದೆ. 300 ಮೀಟರ್ ಗುಡ್ಡದ ತುದಿಯಲ್ಲಿ ಎರಡು ಡಿಗ್ರಿ ಕಡಿಮೆ ಸಿಕ್ಕರೆ ಹೆಚ್ಚು.

ತಂಪು ಊರಿನಿಂದ ಸೆಕೆ ಊರಿಗೆ ನೆಂಟರಿಷ್ಟರ ಮನೆಗೆ ಹೋದವರು ಇದನ್ನು ನೆನಪಿಡಿ: ಮೈ ಸೆಕೆಗೆ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮೊದಲ ಕೆಲವು ದಿನ ನಿಮ್ಮ ಮಾಮೂಲಿ ಓಟದ ಅರ್ಧ ಮಾಡಿ. ವೇಗ ತಾನಾಗೇ ಇಳಿಯುತ್ತದೆ, ಇಳಿಯಲಿ. ಅದರ ಹಿಂದೆ ಬೀಳಬೇಡಿ.

ನೀರಿನ ವಿಷಯದಲ್ಲಿ ತೀರಾ ಕಡಿಮೆ, ತೀರಾ ಜಾಸ್ತಿ ಎರಡೂ ಕೆಟ್ಟದ್ದು. ಬಹಳ ಜನರಿಗೆ ಗಂಟೆಗೆ 400ರಿಂದ 800 ಮಿಲಿ ಸಾಕಾಗುತ್ತದೆ. ನಿಮ್ಮದು ಎಷ್ಟು ಅಂತ ತಿಳಿಯಲು ಓಡುವ ಮುಂಚೆ, ಓಡಿದ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಅಂತ ಅರ್ಥ. ನಡುವೆ ಕುಡಿದದ್ದನ್ನೂ ಅದಕ್ಕೆ ಸೇರಿಸಿಕೊಳ್ಳಿ. ಹೆದರಿಕೊಂಡು ಲೀಟರುಗಟ್ಟಲೆ ಕುಡಿಯುವುದೂ ಅಪಾಯವೇ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ಶೇಕಡ 13ರಷ್ಟು ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ತಗ್ಗಿತ್ತು. ಓಡುತ್ತಾ ತೂಕ ಇಳಿಯುವ ಬದಲು ಏರಿದವರಲ್ಲಿ, ಅಂದರೆ ಬೇಕಾದ್ದಕ್ಕಿಂತ ಜಾಸ್ತಿ ಕುಡಿದವರಲ್ಲಿ, ಇದು ಹೆಚ್ಚು ಕಂಡಿತ್ತು. ಬಾಯಾರಿದಾಗ ಕುಡಿಯಿರಿ. ಗಂಟೆ ದಾಟುವ ಓಟವಾದರೆ ಉಪ್ಪಿನಂಶ ಇರುವ ಏನಾದರೂ ಜೊತೆಗಿರಲಿ.

ಜೊತೆಗಿದ್ದವರು ತೊದಲಿದರೆ, ಕೇಳಿದ್ದಕ್ಕೆ ಏನೇನೋ ಹೇಳಿದರೆ, ಓಲಾಡಿದರೆ ಅದು ಬರೀ ಸುಸ್ತಲ್ಲ. ಒಳಗಿನ ಬಿಸಿ 40 ಡಿಗ್ರಿ ದಾಟಿರಬಹುದು. ತಕ್ಷಣ ನೆರಳಿಗೆ ಕರೆದೊಯ್ದು ಸಿಕ್ಕಷ್ಟು ತಣ್ಣೀರು ಮೈಮೇಲೆ ಸುರಿಯಿರಿ. ಹಳ್ಳ, ಕೊಳವಿದ್ದರೆ ತಲೆ ನೀರಿನಿಂದ ಮೇಲೆ ಇರುವ ಹಾಗೆ ಹಿಡಿದು ಮುಳುಗಿಸಿ. ಇನ್ನೊಬ್ಬರು ಸಹಾಯಕ್ಕೆ ಫೋನ್ ಮಾಡಲಿ. ಗಾಡಿ ಬರುವವರೆಗೂ ತಂಪು ಮಾಡುವುದನ್ನು ನಿಲ್ಲಿಸಬೇಡಿ.

ಎಲ್ಲರೂ ಹೊರಟ ದಿನ

ಸುತ್ತಾಟದ ದಿನವನ್ನು ಓಟಕ್ಕೆ ಎದುರಾಳಿ ಮಾಡಿಕೊಳ್ಳಬೇಡಿ. ನನಗೆ ಬೇಸಿಗೆಯ ಒಳ್ಳೆಯ ಓಟಗಳೆಲ್ಲ ಇಂಥ ದಿನಗಳಲ್ಲೇ ಸಿಕ್ಕಿವೆ. ಎಲ್ಲರೂ ಕಾರಿನಲ್ಲಿ ಹೋಗುವ ಜಾಗಕ್ಕೆ ಕಾಲುದಾರಿ ಇದೆಯಾ ಅಂತ ಮೊದಲೇ ವಿಚಾರಿಸಿ. ಇದ್ದರೆ ನಿಮ್ಮನ್ನು ಎಂಟು ಹತ್ತು ಕಿಲೋಮೀಟರ್ ಮುಂಚೆಯೇ ಇಳಿಸಿ ಹೋಗಲಿ. ಇನ್ನೂ ಚೆನ್ನ ಅಂದರೆ ನೀವು ನಸುಕಿನಲ್ಲೇ ಹೊರಡುವುದು. ಅವರು ಎದ್ದು, ಮಕ್ಕಳನ್ನು ಎಬ್ಬಿಸಿ, ಡಬ್ಬಿ ತುಂಬಿಕೊಂಡು ಬರುವಷ್ಟರಲ್ಲಿ ನೀವು ಅಲ್ಲಿ ಚಾಪೆ ಹಾಸಲು ನೆರಳು ಹುಡುಕಿರುತ್ತೀರಿ. ಒಣ ಬಟ್ಟೆ, ಟವೆಲ್ ಇರುವ ಚೀಲವನ್ನು ಮಾತ್ರ ಕಾರಿಗೆ ಹಾಕಲು ಮರೆಯಬೇಡಿ.

ಎಲ್ಲರೂ ನಡೆಯುವ ದಿನವಾದರೆ ಸಮಯದ ಅಂದಾಜು ಮುಖ್ಯ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಮೆಟ್ರಿಕ್ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 6 ಕಿಲೋಮೀಟರ್ ದಾರಿ, 300 ಮೀಟರ್ ಏರು ಅಂದರೆ 1 ಗಂಟೆ 42 ನಿಮಿಷ. ಆದರೆ ಇದು ಗಟ್ಟಿಮುಟ್ಟಾದ, ಎಲ್ಲೂ ನಿಲ್ಲದವರ ಲೆಕ್ಕ. ಮಕ್ಕಳು, ಹಿರಿಯರು ಇದ್ದರೆ ನಾನು ಅದನ್ನು ನೇರವಾಗಿ ಎರಡರಿಂದ ಗುಣಿಸುತ್ತೇನೆ, ಊಟದ ಹೊತ್ತನ್ನು ಬೇರೆ ಸೇರಿಸುತ್ತೇನೆ.

ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ. ಹಿಂದೆ ಬಿಟ್ಟರೆ ಅವರು ಬಂದು ತಲುಪುವಷ್ಟರಲ್ಲಿ ಉಳಿದವರು ವಿಶ್ರಾಂತಿ ಮುಗಿಸಿ ಎದ್ದಿರುತ್ತಾರೆ, ಪಾಪ, ಅವರಿಗೆ ಕೂರುವುದಕ್ಕೇ ಸಿಗುವುದಿಲ್ಲ. ಓಡಲೇಬೇಕು ಅನ್ನಿಸಿದರೆ ಮುಂದಿನ ತಿರುವಿನವರೆಗೆ ಓಡಿ ಹೋಗಿ, ವಾಪಸ್ ಬಂದು ಸೇರಿಕೊಳ್ಳಿ. ಏರಿನಲ್ಲಿ ಹೀಗೆ ಹತ್ತು ಸಲ ಮಾಡಿದರೆ ಆ ವಾರದ ಗಟ್ಟಿ ಓಟ ಅಲ್ಲೇ ಮುಗಿಯಿತು. ಮುಂದೆ ನೀರು ಇದೆಯಾ, ದಾರಿ ಜಾರುತ್ತದಾ ಅಂತ ಸುದ್ದಿಯನ್ನೂ ತಂದಂತಾಯಿತು.

ಮಕ್ಕಳು ದೊಡ್ಡವರ ಹಾಗೆ ಒಂದೇ ಸಮನೆ ಓಡುವುದಿಲ್ಲ. ಭರ್ರನೆ ಓಡುತ್ತಾರೆ, ನಿಲ್ಲುತ್ತಾರೆ, ಬಗ್ಗಿ ಕಲ್ಲು ಎತ್ತುತ್ತಾರೆ. ಅವರನ್ನು ಹಾಗೇ ಬಿಡಿ. ನನ್ನ ತಂಗಿ ಮಗ ಐದು ನಿಮಿಷಕ್ಕೊಮ್ಮೆ "ದೊಡ್ಡಮ್ಮಾ, ಇನ್ನೂ ಎಷ್ಟು ದೂರ?" ಅನ್ನುತ್ತಿದ್ದ. ಅವನಿಗೆ ಕಿಲೋಮೀಟರ್ ಹೇಳಿ ಪ್ರಯೋಜನ ಇಲ್ಲ. "ಆ ಮೂರು ಮರ ಕಾಣ್ತಾ ಇದೆಯಲ್ಲಾ, ಅಲ್ಲಿವರೆಗೆ ನೀನು ಮುಂದೆ, ಆಮೇಲೆ ನಾನು" ಅಂದೆ. ಮರದಿಂದ ಬಂಡೆ, ಬಂಡೆಯಿಂದ ಹಳ್ಳ, ಹೀಗೇ ತುದಿ ಬಂತು. ಮುಂದೆ ಇರುವವರು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು, ಕವಲು ಬಂದರೆ ನಿಂತು ಕಾಯಬೇಕು. ಈ ಎರಡು ನಿಯಮ ಬಿಟ್ಟು ಮೂರನೆಯದು ಹೇಳಬೇಡಿ, ನೆನಪಿರುವುದಿಲ್ಲ.

ಮೋಡ ಕಟ್ಟಿದರೆ ತುದಿಯ ಆಸೆ ಬಿಡಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ. ಬೋಳುಗುಡ್ಡದಿಂದ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕಾರು ಹತ್ತಿರವಿದ್ದರೆ ಒಳಗೆ ಕೂರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬೇಡಿ.

ಇಳಿಜಾರು ಮತ್ತು ಲೇಸು

ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ತೊಡೆ ಹೋಗುತ್ತದೆ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಮಾರನೆಯ ದಿನ, ಅದರ ಮಾರನೆಯ ದಿನ ಮೆಟ್ಟಿಲು ಇಳಿಯಲಾಗದ ನೋವು ಬರುವುದು ಅದರಿಂದಲೇ. ಒಂದು ಒಳ್ಳೆ ಸಂಗತಿ ಎಂದರೆ ಒಮ್ಮೆ ಇಳಿಜಾರಿಗೆ ಪಳಗಿದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ. ದೊಡ್ಡ ಸುತ್ತಾಟಕ್ಕೆ ಒಂದೆರಡು ವಾರ ಮುಂಚೆ ಚಿಕ್ಕ ಇಳಿಜಾರಿನಲ್ಲಿ ಹತ್ತು ನಿಮಿಷ ಓಡಿಕೊಂಡು ಬನ್ನಿ. ನಿಮ್ಮ ಜೊತೆ ಬರುವ ಭಾವನಿಗೂ ಹೇಳಿ.

ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ಹಿಂದಕ್ಕೆ ವಾಲಿದರೆ ಹಿಮ್ಮಡಿ ಜಾರುತ್ತದೆ. ಕಣ್ಣು ಕಾಲಿನ ಮೇಲೆ ಬೇಡ, ಮೂರು ನಾಲ್ಕು ಹೆಜ್ಜೆ ಮುಂದೆ ಇರಲಿ. ಕೈಗಳನ್ನು ಅಗಲಿಸಿ. ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ದಾಟಿಬಿಡಿ.

ಬೆರಳ ತುದಿ ಶೂಗೆ ಬಡಿದು ಉಗುರು ಕಪ್ಪಾಗುತ್ತಿದ್ದರೆ ಲೇಸು ಕಟ್ಟುವ ರೀತಿ ಬದಲಿಸಿ. ಶೂನ ಮೇಲ್ತುದಿಯಲ್ಲಿ ಒಂದು ತೂತು ಸಾಮಾನ್ಯವಾಗಿ ಖಾಲಿ ಉಳಿದಿರುತ್ತದೆ. ಲೇಸನ್ನು ಅಡ್ಡ ದಾಟಿಸದೆ, ಅದೇ ಪಕ್ಕದ ಆ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ, ಪೂರ್ತಿ ಎಳೆಯದೆ ಚಿಕ್ಕ ಕುಣಿಕೆ ಬಿಡಿ. ಇನ್ನೊಂದು ಪಕ್ಕದಲ್ಲೂ ಹಾಗೇ. ಈಗ ಎಡಗಡೆಯ ಲೇಸಿನ ತುದಿಯನ್ನು ಬಲಗಡೆ ಕುಣಿಕೆಯೊಳಗೆ, ಬಲಗಡೆಯದನ್ನು ಎಡಗಡೆ ಕುಣಿಕೆಯೊಳಗೆ ತೂರಿಸಿ. ಹಿಮ್ಮಡಿಯನ್ನು ನೆಲಕ್ಕೆ ಒಮ್ಮೆ ಕುಟ್ಟಿ ಹಿಂದಕ್ಕೆ ಸರಿಸಿ, ಎರಡೂ ತುದಿಗಳನ್ನು ಕೆಳಮುಖವಾಗಿ ಎಳೆದು ಮಾಮೂಲಿ ಗಂಟು ಹಾಕಿ. ಹಿಮ್ಮಡಿ ಅಲ್ಲೇ ಕೂರುತ್ತದೆ, ಪಾದ ಮುಂದಕ್ಕೆ ಜಾರುವುದಿಲ್ಲ.

ಮನೆಗೆ ಬಂದ ಮೇಲೆ ಮಕ್ಕಳನ್ನೂ ನಿಲ್ಲಿಸಿ ಉಣ್ಣಿ ಹತ್ತಿದೆಯಾ ನೋಡಿ. ಮೊಣಕಾಲ ಹಿಂದೆ, ತೊಡೆ ಸಂದು, ಕಂಕುಳು, ಕಿವಿ ಹಿಂದೆ, ಕೂದಲಂಚು. ಕಚ್ಚಿಕೊಂಡಿದ್ದರೆ ಚೂಪು ಮೂತಿಯ ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನಕ್ಕೆ ಎಳೆಯಿರಿ. ತಿರುಚಬೇಡಿ, ಸುಡಬೇಡಿ. ಮುಂದಿನ ದಿನಗಳಲ್ಲಿ ಜ್ವರ ಅಥವಾ ಮೈಮೇಲೆ ದದ್ದು ಕಂಡರೆ ಡಾಕ್ಟರಿಗೆ ತೋರಿಸಿ, ಉಣ್ಣಿ ಕಚ್ಚಿದ್ದನ್ನೂ ಹೇಳಿ.

ಒದ್ದೆ ಶೂಗಳ ಒಳಹಾಸು ತೆಗೆದು, ಒಳಗೆ ಹಳೆ ಪೇಪರ್ ತುರುಕಿ ಗಾಳಿಯಾಡುವ ನೆರಳಿನಲ್ಲಿಡಿ. ಸುಡುಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ. ಒಂದೆರಡು ಗಂಟೆಗೆ ಪೇಪರ್ ಬದಲಿಸಿದರೆ ಮಾರನೆಯ ಬೆಳಿಗ್ಗೆಗೆ ಹಾಕಿಕೊಳ್ಳುವಷ್ಟು ಒಣಗಿರುತ್ತವೆ.